ಹಿಂತಿರುಗಿ ನೋಡದ ಗಿರಾಕಿ

"ಸಂಜೆಯೊಳಗೆ ಸ್ವಂತ ಲ್ಯಾಪ್‌ಟಾಪ್ ತಂದವರಿಗೆ ಮಾತ್ರ ಇಲ್ಲಿ ಕುರ್ಚಿ!" ಎಂದು ಮ್ಯಾನೇಜರ್ ಗುಡುಗಿದಾಗ ಆಫೀಸಿನ ಗೋಡೆಗಳೇ ಬೆವತವು. ಇನ್ನು ನಮ್ಮ ಗುಮಾಸ್ತನ ಅಂಗಿಯ ಪಾಡು ಕೇಳಬೇಕೆ? ಅವನ ಮೇಜಿನ ಹಳೆಯ ಕಂಪ್ಯೂಟರ್ ಹಿಂದಿನ ದಿನವಷ್ಟೇ ಹೊಗೆ ಬಿಟ್ಟು ಕಣ್ಣು ಮುಚ್ಚಿತ್ತು.

ಆದರೂ ಅದೃಷ್ಟ ನೋಡಿ! ಮನೆಯ ಹಿಂದಿನ ಬೀದಿಯ ಅಂಗಡಿಯಲ್ಲಿ ಒಂದು ಪುಟ್ಟ ಲ್ಯಾಪ್‌ಟಾಪ್ ಕೂತಿತ್ತು. ಅಂಗೈಗಿಂತ ತುಸು ದೊಡ್ಡದು. ಬೆಲೆಯೋ, ಒಂದು ಜೊತೆ ಬೂಟಿಗಿಂತ ಕಡಿಮೆ. ಆ ಬೀದಿ ಹುಟ್ಟಿದಂದಿನಿಂದ ಅಷ್ಟು ಅಗ್ಗದ ಮಾಲು ಬಂದಿರಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ಗುಮಾಸ್ತ ಪರ್ಸು ತೆಗೆಯುವಷ್ಟರಲ್ಲಿ ಜೊತೆಗೆ ಬಂದಿದ್ದ ಭಾವಮೈದ ಕೈ ಹಿಡಿದು ಪಕ್ಕಕ್ಕೆಳೆದ. ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಬೀಡುಬಿಟ್ಟಿದ್ದ ಈ ಮಹಾಶಯ ಚೌಕಾಸಿಗೆ ಬಾಯಿ ತೆರೆದರೆ ತರಕಾರಿಯವರು ತಕ್ಕಡಿ ಬಿಟ್ಟು ಓಡುತ್ತಿದ್ದರಂತೆ. ಹಾಗೆಂದು ಅವನೇ ಹೇಳಿದ್ದ.

"ಏನ್ ಭಾವ ನೀವು, ಹೇಳಿದ ಬೆಲೆಗೇ ತಗೊಳ್ಳೋದಾ? ಮರ್ಯಾದೆ ಹೋಗುತ್ತೆ! ಪರ್ಸನ್ನ ಮೇಜಿನ ಮೇಲಿಡಿ, ಅಂಗಡಿಯವನ ಬಾಯಲ್ಲಿ ನೀರೂರಲಿ. ಆಮೇಲೆ 'ಬೇಡ' ಅಂತ ನಡೀರಿ. ಕೂಗ್ತಾನೆ, ತಿರುಗಬೇಡಿ. ನೀವು ದೂರ ಹೋದಷ್ಟೂ ಬೆಲೆ ಇಳಿಯುತ್ತೆ. ನಾನಿಲ್ಲೇ ನಿಂತು ಅವನ ಮುಖ ನೋಡ್ಕೋತೀನಿ."

ಗುಮಾಸ್ತ "ಬೇಡ" ಎಂದು ನಡೆದ. ಯಾರೂ ಕೂಗಲಿಲ್ಲ. ಚಪ್ಪಲಿ ಸರಿಮಾಡಿಕೊಂಡ, ಕೆಮ್ಮಿದ, ಮೋಡ ನೋಡಿದ. ಬೀದಿ ಮುಗಿಯುವ ಹೊತ್ತಿಗೆ ಕೊನೆಗೂ ಅಂಗಡಿಯವನ ಕೂಗು ಬಂತು: "ಸಾರ್! ನಿಂತ್ಕೊಳ್ಳಿ ಸಾರ್!"

ಬೆಲೆ ಇಳಿಯುತ್ತಿದೆ! ಗುಮಾಸ್ತ ಹೆಜ್ಜೆ ಚುರುಕು ಮಾಡಿದ. ಅಂಗಡಿಯವನು ಓಡತೊಡಗಿದ. ಇವನೂ ಓಡಿದ.

"ಯಾಕ್ರೀ ಓಡ್ತಿದ್ದೀರಾ?" ಇಸ್ತ್ರಿಯವನು ಕೇಳಿದ.

"ಬೆಲೆ ಇಳಿಸ್ತಿದ್ದೀನಿ!"

"ಹಾಗಾದ್ರೆ ನಿಲ್ಲಲೇಬೇಡಿ!" ಎಂದು ಇಸ್ತ್ರಿಯವನು ಹುರಿದುಂಬಿಸಿದ.

ಎದುರುಮನೆಯ ಅಜ್ಜಿ ಮಹಡಿಯಿಂದ ಬಗ್ಗಿ, "ಇನ್ನೊಂದು ಸುತ್ತು ಹಾಕಪ್ಪಾ, ಪುಕ್ಕಟೆ ಕೊಟ್ಬಿಡ್ತಾನೆ!" ಎಂದರು. ಹಾಕಿದ. ಎಷ್ಟು ಸುತ್ತು ಹಾಕಿದನೆಂದರೆ, ಬೀದಿನಾಯಿಗಳು ಬೊಗಳಿ ಬೊಗಳಿ ಬೇಸತ್ತು ಮಲಗಿಬಿಟ್ಟವು.

ಕೊನೆಗೆ ಗುಮಾಸ್ತನ ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಒಟ್ಟಿಗೇ ಕುಸಿದರು.

"ಈಗ... ಹೇಳಿ... ಕಡೇ ಬೆಲೆ," ಎಂದು ಗುಮಾಸ್ತ ಏದುಸಿರು ಬಿಟ್ಟ.

"ಎಂಥ ಬೆಲೆ ಸಾರ್! ಪರ್ಸು ಮೇಜಿನ ಮೇಲೇ ಉಳಿದಿತ್ತು, ತಗೊಳ್ಳಿ." ಪರ್ಸು ಆಗತಾನೇ ಇಸ್ತ್ರಿ ಮಾಡಿಸಿದ ಹಾಗೆ ಚಪ್ಪಟೆಯಾಗಿತ್ತು.

"ಇದರಲ್ಲಿದ್ದ ದುಡ್ಡು?"

"ನೀವು ಹೊರಟ ಕೂಡ್ಲೇ ನಿಮ್ಮ ಭಾವಮೈದ 'ಇದು ನಮ್ಮ ಭಾವನದೇ' ಅಂತ ಇದರಿಂದಲೇ ದುಡ್ಡು ಕೊಟ್ಟು ಲ್ಯಾಪ್‌ಟಾಪ್ ತಗೊಂಡು ಹೋದ್ರು. ಹೇಳಿದ ಬೆಲೆಗೇ! ಒಂದು ಮಾತು ಚೌಕಾಸಿ ಇಲ್ಲ. ಎಂಥಾ ಸಂಭಾವಿತರು ಸಾರ್!"

ಹೋಗಲಿ, ತನಗಾಗಿಯೇ ಕೊಂಡಿರಬೇಕು ಎಂದು ಗುಮಾಸ್ತನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾವಮೈದ!

"ಭಾವ, ನಿಮ್ಮ ದುಡ್ಡು ಮೊದಲ ಸಂಬಳದಲ್ಲೇ ಕೊಟ್ಬಿಡ್ತೀನಿ!"

"ನಿನಗ್ಯಾವ ಸಂಬಳವೋ?"

"ನಿಮ್ಮ ಆಫೀಸಲ್ಲೇ ಇದ್ದೀನಿ. ಲ್ಯಾಪ್‌ಟಾಪ್ ನೋಡಿದ್ದೇ ತಡ, ಮ್ಯಾನೇಜರ್ ನಿಮ್ಮ ಕುರ್ಚಿ ಒರೆಸಿ ಕೊಟ್ರು. ಅದಿರಲಿ ಭಾವ, ಇದನ್ನ ಆನ್ ಮಾಡೋದು ಹೇಗೆ?"