ಒತ್ತಕ್ಷರದ ನಮ್ಮತ್ತೆ

ನಿಮ್ಮ ಹೆಸರಿನ ಮೇಲೆ ನಿಮಗೆ ಸ್ವಲ್ಪವಾದರೂ ಪ್ರೀತಿ ಇದ್ದರೆ ದಯವಿಟ್ಟು ಹೆಮ್ಮಾಡಿಯ ನಮ್ಮತ್ತೆಯ ಮನೆಗೆ ಹೋಗಬೇಡಿ! ಚಾ ಕೊಡುವ ಮೊದಲೇ ಅವರು ನಿಮ್ಮ ಹೆಸರನ್ನು ಬಂಗುಡೆ ಮೀನು ಕೊಯ್ದಂತೆ ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ನಿಮ್ಮಿಂದಲೇ ಚಪ್ಪಾಳೆ ತಟ್ಟಿಸುತ್ತಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಟೀಚರ್ ಕೆಲಸದಿಂದ ನಿವೃತ್ತರಾದವರು ಕಾಶಿಗೋ ಮಗಳ ಬಾಣಂತನಕ್ಕೋ ಹೋಗುವುದು ವಾಡಿಕೆ. ಇವರು ಓದಲು ತಡವರಿಸುವ ಮಕ್ಕಳಿಗೆ ಕಲಿಸುವ ಡಿಸ್ಲೆಕ್ಸಿಯಾ ತರಬೇತಿಗೆ ಹೋದರು! ಕಾರಣ ನನ್ನ ಮಗಳು. ನಾಲ್ಕನೇ ಕ್ಲಾಸು. ಮಾತಿಗೆ ನಿಂತರೆ ವಕೀಲರೂ ಸೋಲಬೇಕು, ಪುಸ್ತಕ ತೆರೆದರೆ ಹೊಟ್ಟೆನೋವು. 'ಸ' ಮತ್ತು 'ನ' ಅವಳ ಕಣ್ಣಿಗೆ ಅವಳಿಜವಳಿ. ಶಾಲೆಯಲ್ಲಿ ಸೋಮಾರಿ ಎಂದರು. ಅತ್ತೆ ಒಪ್ಪಲಿಲ್ಲ.

"ಈ ಹೆಣ್ಣಿಗೆ ಬುದ್ಧಿ ಕಮ್ಮಿ ಅಲ್ಲ. ಸದ್ದಿಗೂ ಅಕ್ಷರಕ್ಕೂ ಗಂಟ್ ಬೀಳ್ಲಿಲ್ಲ, ಅಷ್ಟೇ. ಒಂದೊಂದೇ ಗಂಟ್ ಹಾಕ್ವ."

ಗಂಟು ಹಾಕಲು ಮೊದಲು ಬೇಕಾದದ್ದು ಹೊಯ್ಗೆ! ಮರಳಿನಲ್ಲಿ ಬೆರಳಾಡಿಸುತ್ತ ಬಾಯಲ್ಲಿ ಸದ್ದು ಹೇಳಿದರೆ ಅಕ್ಷರ ಮೈಗೆ ಹತ್ತುತ್ತದಂತೆ. ಅಂಗಳದ ಮಣ್ಣು ಆಗದೇ? ಆಗದು. ಮರವಂತೆಯ ನಯವಾದ ಹೊಯ್ಗೆಯೇ ಆಗಬೇಕು. ಒದ್ದೆ ಚೀಲ ಹೊತ್ತು ಅತ್ತೆ ಬಸ್ಸು ಹತ್ತಿದರೆ ಕಂಡಕ್ಟರ್ ತಡೆದ.

"ಹ್ವಾಯ್ ಅಮ್ಮ, ಚೀಲದಲ್ ಎಂತ ಇತ್ತ್?"

"ಅಕ್ಷರ."

"ಅಕ್ಷರಕ್ಕೆ ಇಷ್ಟ್ ಭಾರ ಇರತ್ತಾ ಮರ್ರೆ?"

"ಓದುಕ್ ಬಾರ್ದವ್ರಿಗೆ ಇದಕ್ಕಿಂತ್ಲೂ ಭಾರ!"

ಕಂಡಕ್ಟರ್ ಲಗೇಜಿನ ಟಿಕೆಟ್ ಹರಿಯಲಿಲ್ಲ. ಹೆಮ್ಮಾಡಿ ಬರುವ ತನಕ ಆ ಚೀಲಕ್ಕೆ ಕಾಲು ತಾಗದಂತೆ ದೇವರ ಪ್ರಸಾದ ದಾಟುವವನ ಹಾಗೆ ಓಡಾಡಿದ.

ಪಾಠದ ಕ್ರಮ ತಪ್ಪುವಂತಿಲ್ಲ. ಮೊದಲು ಸ್ವರ, ಆಮೇಲೆ ವ್ಯಂಜನ, ಕಾಗುಣಿತ, ಕಡೆಗೆ ಒತ್ತು. ಒಂದು ಗಟ್ಟಿಯಾಗದೆ ಇನ್ನೊಂದಿಲ್ಲ. ಅಂದಾಜಿನಲ್ಲಿ ಓದಿದರಂತೂ ಮುಗಿಯಿತು! ಕಷ್ಟದ ಪದವನ್ನು ತೋಳಿನ ಮೇಲೆ ಬೆರಳು ತಟ್ಟುತ್ತ ತುಂಡು ತುಂಡಾಗಿಯೇ ಓದಬೇಕು. ದೋಸೆ ಕೂಡ ಅಂದಿನ ಪಾಠದ ಆಕಾರದಲ್ಲೇ ಕಾವಲಿಗೆ ಬೀಳಬೇಕು. ಅನುಸ್ವಾರದ ದಿನ ಮಾವನ ತಟ್ಟೆಗೆ ಬಂದದ್ದು ಒಂದೇ ಒಂದು ಸೊನ್ನೆ, ನಾಣ್ಯದ ಗಾತ್ರದ್ದು.

"ನಾಳೆ ಎಂತ ಪಾಠ?" ಎಂದರು ಮಾವ ಕ್ಷೀಣವಾಗಿ.

"ವಿಸರ್ಗ."

"ದೇವ್ರ್ ದೊಡ್ಡವ! ಎರಡ್ ಸಿಕ್ಕತ್ತ್!"

ಇದರ ನಡುವೆ ಅತ್ತೆಯ ಮಗಳನ್ನು ನೋಡಲು ಬಾರ್ಕೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗನ ತಾಯಿಯ ಹೆಸರು ಕಮಲಕ್ಕ. ಇಂಥ ಹೆಸರು ಮನೆಬಾಗಿಲಿಗೇ ಬಂದರೆ ಅತ್ತೆ ಬಿಡುವುದುಂಟೇ?

"ಹೆಣ್ಣೇ, 'ಕಮಲ'ದಲ್ 'ಕ' ತೆಗ್ದ್ರೆ ಎಂತ ಉಳಿತ್ತ್?"

ನನ್ನ ಮಗಳು ಹೆದ್ದಾರಿಗೆ ಕೇಳುವ ಹಾಗೆ ಕೂಗಿದಳು: "ಮಲ!"

ಕಮಲಕ್ಕನ ಕೈಯ ಚಕ್ಕುಲಿ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅತ್ತೆಗೆ ಅದೆಲ್ಲ ಎಲ್ಲಿ ಕಾಣಬೇಕು? "ಸಮಾ ಹೇಳ್ದೆ!" ಎಂದು ಚಪ್ಪಾಳೆ ತಟ್ಟಿದರು. ಹುಡುಗ ಬಿದ್ದು ಬಿದ್ದು ನಕ್ಕದ್ದರಿಂದ ಸಂಬಂಧ ಉಳಿಯಿತು.

ಒಂದು ವರ್ಷ ಕಳೆದು ನಿಶ್ಚಿತಾರ್ಥ. ಪುರೋಹಿತರು ಲಗ್ನಪತ್ರಿಕೆ ಕೈಗೆತ್ತಿಕೊಂಡಿದ್ದರಷ್ಟೇ.

"ಭಟ್ರೇ, ಅದನ್ನ್ ಇವ್ಳ್ ಓದ್ತಳ್" ಎಂದು ಅತ್ತೆ ನನ್ನ ಮಗಳನ್ನು ಮುಂದೆ ತಳ್ಳಿದರು.

ಲಗ್ನಪತ್ರಿಕೆ! ಒತ್ತಕ್ಷರಗಳ ದಟ್ಟ ಕಾಡು! ಅದೂ ತುಂಬಿದ ಸಭೆಯಲ್ಲಿ, ಊಟಕ್ಕೆ ಎಲೆ ಹಾಕಿದ ಹೊತ್ತಿಗೆ! ನಾನು ಮಗಳ ಕಿವಿಯಲ್ಲಿ, "ಬ್ಯಾಡ ಅಂದ್ ಕಂಡ್ರೆ ಬ್ಯಾಡ ಮಗಾ" ಎಂದೆ.

"ನಾನೇ ಅಜ್ಜಿ ಹತ್ರ ಕೇಂಡದ್ದಮ್ಮ" ಎಂದಳು.

'ಸ್ವಸ್ತಿಶ್ರೀ'ಯಿಂದ ಹೊರಟವಳು ತಡವರಿಸುತ್ತ, ನಿಲ್ಲುತ್ತ ಸಾಗಿದಳು. 'ನಕ್ಷತ್ರ'ದ ಎದುರು ಪೂರ್ತಿ ನಿಂತಳು. ಗಂಡಿನ ಕಡೆಯ ಹಿರಿಯರೊಬ್ಬರು ಕನಿಕರದಿಂದ ಬಾಯಿ ತೆರೆದರು. ಅತ್ತೆ ತಿರುಗಿದರು.

"ಹ್ವಾಯ್, ಹೇಳಿಕೊಡುಕಾಗ! ಅವ್ಳಿಗೇ ಬತ್ತ್!"

ಮಗಳು ತೋಳಿನ ಮೇಲೆ ಬೆರಳು ತಟ್ಟಿದಳು. ನ... ಕ್ಷ... ತ್ರ. ನಕ್ಷತ್ರ! ಅಡುಗೆಯವರು ಸೌಟು ಹಿಡಿದು ಬಾಗಿಲಲ್ಲೇ ನಿಂತರು. ಅನ್ನ ಆರಿತು, ಸಾರು ಆರಿತು. ಕಮಲಕ್ಕ ಮಾತ್ರ ತಮಗೇ ಗೊತ್ತಿಲ್ಲದೆ ತೊಡೆಯ ಮೇಲೆ ಬೆರಳು ತಟ್ಟುತ್ತ ಮುಂದಿನ ಪದಕ್ಕೆ ಕಾಯುತ್ತಿದ್ದರು.

ಕೊನೆಯ ಸಾಲು ಮುಗಿಯಿತು. ಪುರೋಹಿತರು ಕಾಗದಕ್ಕೆ ಕೈ ಚಾಚಿದರು. ಮಗಳು ಕೊಡಲಿಲ್ಲ, ಮಗುಚಿ ನೋಡಿದಳು.

"ಭಟ್ರೇ, ಹಿಂದ್ಗಡಿ ಎಂತದೂ ಬರೀಲಿಲ್ಯಾ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಪುರೋಹಿತರು ಹಾಂ ಹಾಂ ಎನ್ನುವಷ್ಟರಲ್ಲಿ ಅವರ ಕಿಸೆಯ ಪೆನ್ನನ್ನೇ ಸೆಳೆದು, ಆ ಮಂಗಳಪತ್ರದ ಹಿಂದೆ ಒಂದು ಸಾಲು ಬರೆದರು. ಅವಸರಕ್ಕೆ ಅಕ್ಷರಗಳು ಸೊಟ್ಟಸೊಟ್ಟವಾಗಿದ್ದವು.

ಮಗಳು ತೋಳು ತಟ್ಟಲಿಲ್ಲ. ಒಂದೇ ಉಸಿರಿಗೆ ಓದಿದಳು: "ಎಲ್ಲರೂ ಊಟಕ್ಕೆ ಏಳಿ."

ಹಸಿದು ಕೂತಿದ್ದ ಅಷ್ಟು ಜನರಲ್ಲಿ ಒಬ್ಬರೂ ತಕ್ಷಣ ಏಳಲಿಲ್ಲ.