ರೊಟ್ಟಿ ಹಂಚಿನ ಕೆಳಗೊಂದು ಸಿಲಿಕೋನ್ ಚಾಪೆ

ಕರೆಂಟು ನನ್ನ ಮಾತು ಕೇಳುತ್ತದೆ! ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವನು ನಾನು. ಆದರೂ ಕುಪವಾಡದ ಕಾರಖಾನೆಗಳಲ್ಲಿ ಸುಟ್ಟ ಮೋಟರುಗಳಿಗೆ ಮೂವತ್ತು ವರ್ಷ ತಂತಿ ಸುತ್ತಿ ಜೀವ ಕೊಟ್ಟಿದ್ದೇನೆ. ಅಂಥವನಿಗೆ ಒಂದು ಇಂಡಕ್ಷನ್ ಒಲೆ ಯಾವ ಲೆಕ್ಕ?

ಅಂದು ಸಲಗರೆಯಿಂದ ಬೀಗರು ತಾತ್ಯಾಸಾಹೇಬರು ಮಿರಜಿನ ನಮ್ಮ ಮನೆಗೆ ಬಂದಿದ್ದರು. ಗ್ಯಾಸ್ ಸಿಲಿಂಡರು ಅದೇ ಮಧ್ಯಾಹ್ನ ಕಣ್ಣು ಮುಚ್ಚಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವವರಲ್ಲ. ಉಳಿದದ್ದು ಮುಕ್ಕಾಲು ತಾಸು. ಪಲ್ಯ ಆಗಿತ್ತು, ರೊಟ್ಟಿ ಬಾಕಿ.

ಮಡದಿ, ಶಾಲನ ಅಂತ ಅವಳ ಹೆಸರು, ಕಬ್ಬಿಣದ ಹಂಚು ಎತ್ತಿದಳು.

"ತಡಿ! ಒಲಿ ಗಾಜಿಗೆ ಗೀರು ಬೀಳತೈತಿ!" ಎಂದವನೇ, ಸಾಂಗಲಿ ಪೇಟೆಯಿಂದ ತಂದ ಸಿಲಿಕೋನ್ ಚಾಪೆಯನ್ನು ಸಿಂಹಾಸನಕ್ಕೆ ಹಾಸುವಂತೆ ಒಲೆಯ ಮೇಲೆ ಹಾಸಿದೆ.

"ಅದರ ಜೋಡಿ ಒಂದು ಚೀಟಿ ಇತ್ತಲ್ರಿ, ಓದೀರೇನು?"

"ಚೀಟಿ ಓದೂದು ಹೊಸಬರು! ಮುಂಜಾನೆ ಹಾಲು ಕಾಸಿದಾಗ ಏನರ ಆತೇನು?"

"ಹಾಲಿನ ಪಾತೇಲಿ ಬ್ಯಾರೆ, ಬರೇ ಹಂಚು ಬ್ಯಾರೆ!"

"ನೀ ಹಿಟ್ಟು ನಾದು. ಕರೆಂಟಿನ ಮಾತು ನನಗ ಬಿಡು!"

ರೊಟ್ಟಿಗೆ ಹಂಚು ಕಾಯಬೇಕಲ್ಲ! ಬರಿ ಹಂಚನ್ನಿಟ್ಟು ಪೂರಾ ಉರಿಯ ಗುಂಡಿ ಒತ್ತಿದೆ. ಮೊದಲು ವಾಸನೆ ಬಂತು, ಹಿಂದೆಯೇ ಹೊಗೆ. ಒಲೆ "ಕುಂಯ್ ಕುಂಯ್" ಎಂದು ಅತ್ತು ಆರಿತು. ಹಂಚು ಎತ್ತಿದರೆ ಚಾಪೆಯೂ ಬೆನ್ನಿಗಂಟಿಕೊಂಡು ಬಂತು!

ಪಡಸಾಲೆಯಿಂದ ತಾತ್ಯಾಸಾಹೇಬರ ದನಿ: "ಬೀಗರ, ಏನ ಸುಡಾಕತ್ತೀರಿ? ಹೊತ್ತ ಇಳಿಯಾಕತ್ತೈತಿ ನೋಡ್ರಿ!"

ಮಡದಿ ಚೀಟಿ ಹುಡುಕಿ ನನ್ನ ಮೂಗಿಗೆ ಹಿಡಿದಳು. "ದಪ್ಪ ಅಕ್ಷರದಾಗ ಬರದಾರ! ಖಾಲಿ ಭಾಂಡಿ ಕಾಯಿಸಬ್ಯಾಡ್ರಿ, ಜೋರು ಉರಿ ಇಡಬ್ಯಾಡ್ರಿ ಅಂತ!"

ಮರುಗಳಿಗೆಯಲ್ಲೇ ಅವಳು ಅವಲಕ್ಕಿಗೆ ಮೊಸರು ಸುರಿದು, ಪಕ್ಕಕ್ಕೆ ಪಲ್ಯ ಬಡಿಸಿ, ಬೀಗರನ್ನು ಊಟಕ್ಕೆ ಕೂಡಿಸಿಯೇಬಿಟ್ಟಳು.

"ನೀವೂ ಬರ್ರಿ!"

"ಬಂದೆ, ಇದೊಂದು ಚೂರು ಕಿತ್ತು!"

ಹಿತ್ತಲಲ್ಲಿ ಕಳೆ ಕೀಳುವ ಖುರ್ಪಿ ಹಿಡಿದು ಹಂಚು ಕೆರೆಯುತ್ತಿದ್ದೆ. ಮೂರು ಸಲ ಕರೆದಳು. ಮೂರು ಸಲವೂ ಒಂದೊಂದು ಚೂರು ಉಳಿದಿತ್ತು. ಕೊನೆಯದನ್ನು ಕಿತ್ತು, ಗೆದ್ದವನಂತೆ ತಲೆ ಎತ್ತಿ ನೋಡಿದರೆ ಹೊತ್ತು ಮುಳುಗಿತ್ತು!

ಕೈ ತೊಳೆದು ಬಂದ ತಾತ್ಯಾಸಾಹೇಬರು ಕೈಮುಗಿದರು. "ನಮಗೆಲ್ಲಾ ಉಣಿಸಿ ನೀವು ಉಪಾಸ ಹಿಡದ್ರಿ! ಏನ ವೈರಾಗ್ಯರಿ ಬೀಗರ!"

"ಹೌದ್ರಿ," ಎಂದಳು ಶಾಲನ. "ಚೀಟಿ ಓದದ ಯಾವ ಸಾಮಾನೂ ಮುಟ್ಟೂದಿಲ್ಲಂತ ಇವತ್ತಿಂದ ನೇಮ ಮಾಡ್ಯಾರ!"

ನನ್ನ ಹೊಟ್ಟೆಯೇ, ಥೇಟು ಆ ಒಲೆಯಂತೆ, "ಕುಂಯ್" ಎಂದು ಒಪ್ಪಿಕೊಂಡಿತು!