ಕೈಗುಣದ ಕೈಗವಸು

"ಡಾಕ್ಟರಿಗಷ್ಟ ಅಲ್ಲೋ ಗುರುಸಿದ್ದ, ಕ್ಯಾಮೆರಾ ಹಿಡಿಯೋರಿಗೂ ಕೈಗುಣ ಅಂತ ಇರ್ತದ. ಅದನ್ನ ಇದು ಓದ್ತದ!" ಎಂದು ಪಕ್ಕದ ಮನೆಯ ಪ್ರಲ್ಹಾದರಾಯರು ತಾವು ಕಂಡುಹಿಡಿದ ಕೈಗವಸನ್ನು ಎತ್ತಿ ತೋರಿಸಿದರು. ಅದರ ತುಂಬ ತಂತಿ, ಬೆರಳಿಗೊಂದು ಪುಟ್ಟ ಮೋಟಾರು. ವಾರವಿಡೀ ತೊಟ್ಟರೆ ಅದು ಕೈಯ ಅನುಭವವನ್ನೆಲ್ಲ ಕಲಿತು, ಆ ಕೈಗೆ ಒಗ್ಗಿದ್ದನ್ನು ಮಾತ್ರ ಹಿಡಿಯುತ್ತದಂತೆ.

ಗುರುಸಿದ್ದನಿಗೆ ಅದು ಬೇಕೇ ಬೇಕಿತ್ತು. ಅವರಿವರ ಮಾತು ಕೇಳಿ ಕೊಂಡ ಲೆನ್ಸುಗಳು ಟ್ರಂಕಿನಲ್ಲಿ ಬಿದ್ದಿದ್ದವು. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದೆಂಬ ಬುದ್ಧಿ ತಡವಾಗಿ ಬಂದಿತ್ತು. ಮಾಗಡಿ ಕೆರೆಯ ಹೆಬ್ಬಾತುಗಳನ್ನು ಗರಿ ಎಣಿಸುವಂತೆ ತೆಗೆಯುತ್ತಿದ್ದವನ ಹತ್ತಿರ ಹೆತ್ತವ್ವ ನೀಲವ್ವನದೊಂದು ಫೋಟೋ ಇರಲಿಲ್ಲ. ಅವಳ ಯಜಮಾನರು ಸ್ಟುಡಿಯೋದಲ್ಲಿ ಒಬ್ಬರೇ ಕೂತು ತೆಗೆಸಿಕೊಂಡ ಫೋಟೋಕ್ಕೆ ಅದೇ ವರ್ಷ ಹಾರ ಬಿದ್ದಿತ್ತು. ಒಬ್ಬರದೇ ಫೋಟೋ ಅಂದರೆ ಹಾರದ ಫೋಟೋ ಎಂದು ನೀಲವ್ವ ಅಂದೇ ತೀರ್ಮಾನಿಸಿದ್ದಳು. ಮಗ ಕಾಡಿ ಬೇಡಿ, ಊಟ ಬಿಟ್ಟು ಮುನಿಸಿಕೊಂಡ ಮೇಲೆ, ಕ್ಯಾಮೆರಾ ಮುಂದೆ ಒಂದೇ ಸಲ ಕೂರುವುದಾಗಿ ಒಪ್ಪಿದಳು. ಆ ಒಂದು ಪಟ ಕೆಡುವಂತಿರಲಿಲ್ಲ; ಅದಕ್ಕೆ ತಕ್ಕ ಕ್ಯಾಮೆರಾವನ್ನು ಕೈಗವಸೇ ಆರಿಸಲಿ ಎಂದುಕೊಂಡ ಗುರುಸಿದ್ದ.

ಪ್ರಾಮಾಣಿಕ ಮನುಷ್ಯ, ವಾರಪೂರ್ತಿ ಕೈಗವಸು ಕಳಚಲಿಲ್ಲ. ಬ್ಯಾಂಕಿನಲ್ಲಿ ಸಹಿ ಹಾಕಿದ್ದೂ ಅದರಲ್ಲೇ. ಕಣ್ಣು ಮಂಜಾದ ಅವ್ವನ ಕೈ ಹಿಡಿದು ಬೆಳಿಗ್ಗೆ ಸಂಜೆ ಗುಡಿಗೆ ಕರೆದೊಯ್ದದ್ದೂ ಅದರಲ್ಲೇ.

ಭಾನುವಾರ ಪಡಸಾಲೆಯ ಜಮಖಾನದ ಮೇಲೆ ಎರವಲು ತಂದ ಕ್ಯಾಮೆರಾಗಳು ಸಾಲಾಗಿ ಕೂತವು. ನೀಲವ್ವ ಇಳಕಲ್ ಸೀರೆ ಉಟ್ಟು, ಹರಕೆಯ ಕುರಿಯಂತೆ ಕುರ್ಚಿಯಲ್ಲಿ ಕೂತಳು. ರಾಯರು ಗುರುಸಿದ್ದನ ಕೈಯಲ್ಲಿದ್ದ ಕೈಗವಸಿನ ಗುಂಡಿ ಒತ್ತಿದರು. ಅದು ಉದ್ದನೆಯ ಲೆನ್ಸನ್ನು ಮುಟ್ಟಿ ಅತ್ತ ತಳ್ಳಿತು. ಎಲ್ಲಕ್ಕಿಂತ ದುಬಾರಿ ಕ್ಯಾಮೆರಾವನ್ನು ರೊಟ್ಟಿ ಬಡಿದಂತೆ ಬಡಿದು ಬಿಟ್ಟಿತು. ಟ್ರೈಪಾಡನ್ನು ಮೂಲೆಗೆ ಒಗೆಯಿತು. ಇನ್ನೂ ಕಲಿಯುತ್ತಿದೆ ಎಂದು ಸಮಾಧಾನ ಹೇಳಹೋದ ರಾಯರ ಕನ್ನಡಕವೂ ಹೋಯಿತು. ಕೊನೆಗೆ ಅದು ಗುರುಸಿದ್ದನನ್ನು ದರದರ ಎಳೆದೊಯ್ದು ನೀಲವ್ವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಿತು. ಬ್ಯಾಟರಿ ಕಿತ್ತರೂ ಬಿಡಲಿಲ್ಲ.

"ಏನಂತ ಕಲಿಸೀಯೋ ಇದಕ್ಕ?" ಎಂದು ರಾಯರು ಗದರಿದರು.

ಗುರುಸಿದ್ದನಿಗೆ ಕಣ್ಣು ತುಂಬಿ ಬಂತು. ತನ್ನ ಕೈಗೆ ಒಗ್ಗಿದ್ದು ಯಾವುದೆಂದು ಒಂದು ಯಂತ್ರ ಹೇಳಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು. "ಕಾಕಾ, ನೀವ ತೆಗೀರಿ," ಎಂದ.

ರಾಯರು ಕೈಗೆ ಸಿಕ್ಕ ಹಳೆಯ ಕ್ಯಾಮೆರಾದಲ್ಲಿ ತೆಗೆದರು. ಕೈಗವಸನ್ನು ಆಮೇಲೆ ಕತ್ತರಿಯಿಂದ ಬಿಡಿಸಬೇಕಾಯಿತು.

ಪಟ ಸೊಟ್ಟಗೆ ಬಂದಿತ್ತು, ಮೂಲೆಯಲ್ಲಿ ರಾಯರ ಹೆಬ್ಬೆರಳೂ ಇತ್ತು. ಆದರೆ ನೀಲವ್ವ ಹಲ್ಲು ಕಾಣುವಂತೆ ನಕ್ಕಿದ್ದಳು. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಛಲೋ ಆತು ಬಿಡಪಾ," ಎಂದಳು. "ಇಬ್ಬರೂ ಅದೀವಿ. ಇದಕ್ಕ ಹಾರ ಹಾಕಾಕ ಬರಂಗಿಲ್ಲ."